ದೀನ್ ದಯಾಳರ ಬೆಳಕು, ನಮ್ಮಾಯಿಯ ಮುಖ

ನಮ್ಮ ಮನೆಯ ಪಡಸಾಲೆಯ ಗೋಡೆ ಮೇಲೆ ಮುತ್ಯಾನ ಫೋಟೊ ಒಂದಿದೆ. ತಲೆಗೆ ರುಮಾಲು, ಬಿಳಿ ಅಂಗಿ, ಕ್ಯಾಮೆರಾ ಕಡೆ ನೆಟ್ಟ ನೋಟ. ಎಲ್ಲ ಸರಿ, ಆದರೆ ಎಡ ಹೆಗಲ ಮೇಲೆ ಯಾರದೋ ಕೈ. ಕೈ ಮಾತ್ರ, ಮನುಷ್ಯ ಇಲ್ಲ. ಶಹಾಬಾದಿನ ಪರ್ಸಿ ಕಲ್ಲಿನ ಗಣಿಯಲ್ಲಿ ಆಯುಷ್ಯ ಕಳೆದ ಮುತ್ಯಾ ಒಬ್ಬನೇ ಕುಳಿತು ಫೋಟೊ ತೆಗೆಸಿಕೊಂಡವನೇ ಅಲ್ಲ. ತೀರಿಕೊಂಡ ದಿನ ಹಾರ ಹಾಕಲು ಫೋಟೊ ಬೇಕಾಯಿತು. ಯಾವುದೋ ಹಳೆಯ ಮದುವೆಯ ಗುಂಪು ಫೋಟೊ ಸಿಕ್ಕಿತು. ಅರ್ಧ ಗೆದ್ದಲು ತಿಂದಿತ್ತು. ಮುತ್ಯಾ ಇದ್ದ ತುಂಡನ್ನಷ್ಟೇ ಕತ್ತರಿಸಿ ಸ್ಟುಡಿಯೊಗೆ ಒಯ್ದು ದೊಡ್ಡದು ಮಾಡಿಸಿ ತಂದರು. ಉಳಿದ ತುಂಡು ಆ ಗದ್ದಲದಲ್ಲಿ ಎಲ್ಲಿ ಹೋಯಿತೋ.

ನಾನಾಗ ಎಂಟನೇ ತರಗತಿ. ಆ ಕೈ ನನ್ನನ್ನು ಕಾಡುತ್ತಲೇ ಇತ್ತು. ನಮ್ಮ ಆಯಿಗೆ ಹೀಗಾಗಬಾರದು, ಅವಳದೊಂದು ಚಂದದ ಫೋಟೊ ಅವಳು ಇರುವಾಗಲೇ ತೆಗೆಯಬೇಕು ಎಂದು ಅಂದೇ ಅಂದುಕೊಂಡೆ. ಡಿಗ್ರಿಗೆ ಬಂದ ಮೇಲೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡೆ.

ಸೇಡಂನ ನಮ್ಮ ಹಳೆಯ ಮನೆ ದಪ್ಪ ಕಲ್ಲಿನ ಗೋಡೆಯದು. ಒಳಮನೆಗೆ ಒಂದೇ ಸಣ್ಣ ಕಿಟಕಿ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಬೇಸಿಗೆಗೆ ತಂಪು, ಆದರೆ ಹಗಲಲ್ಲೂ ಮಬ್ಬು. ಅಲ್ಲಿ ಫ್ಲ್ಯಾಷ್ ಹಾಕಿ ತೆಗೆದರೆ ಆಯಿಯ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಹಿಂದಿನ ಗೋಡೆ ಮೇಲೆ ಕರಿ ನೆರಳು. ಟ್ಯೂಬ್‌ಲೈಟ್ ಹಾಕಿದರೆ ಒಂದು ಕೆನ್ನೆ ಹಸಿರು, ಇನ್ನೊಂದು ನೀಲಿ. ಎರಡನ್ನೂ ಆರಿಸಿದರೆ ಬರೀ ಕತ್ತಲು. ಮೊಬೈಲ್‌ನಲ್ಲಿ ನೋಡಿದ ಮಬ್ಬು ಬೆಳಕಿನ ಚಿತ್ರಗಳ ಹಾಗೆ ಮಾಡಲು ಹೋಗಿ ಎಡಿಟಿಂಗ್‌ನಲ್ಲಿ ಇನ್ನಷ್ಟು ಕಪ್ಪು ಮಾಡಿದೆ. ಆಯಿ ಅದನ್ನು ನೋಡಿ, ನನ್ನನ್ನು ಬಾವಿಯೊಳಗೆ ಯಾಕೆ ಇಳಿಸಿದೆ ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ.

ಆ ವರ್ಷ ಕಾಲೇಜಿನ ಪ್ರವಾಸಕ್ಕೆ ಹೈದರಾಬಾದಿಗೆ ಹೋದೆವು. ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಕಾಲದ ಫೋಟೊಗಳ ಮುಂದೆ ಗೆಳತಿಯರೆಲ್ಲ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾನು ಆ ಮುಖಗಳ ಮೇಲಿನ ಬೆಳಕನ್ನೇ ನೋಡುತ್ತ ನಿಂತೆ. ಕರೆಂಟು ಇಲ್ಲದ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು? ಅಲ್ಲಿ ಕೇಳಿಸಿದ ಹೆಸರು ರಾಜಾ ದೀನ್ ದಯಾಳ್. ಊರಿಗೆ ಬಂದು ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನಗೆ ಫೋಟೊಗ್ರಫಿ ಕಲಿಸಿದ ಗುರು ಯಾರು ಎಂದು ಕೇಳಿದರೆ, ನಾನು ಹುಟ್ಟುವ ನೂರು ವರ್ಷ ಮೊದಲೇ ಹೋದ ಈ ಮನುಷ್ಯನ ಹೆಸರನ್ನೇ ಹೇಳುತ್ತೇನೆ.

ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧನಾ ಊರಿನಲ್ಲಿ. ಜೈನರ ಮನೆತನ, ಒಡವೆ ವ್ಯಾಪಾರದವರು. ಹುಡುಗ ಮಾತ್ರ ಅಂಗಡಿಯಲ್ಲಿ ಕೂರದೆ ರೂರ್ಕಿಯ ಥಾಮ್ಸನ್ ಸಿವಿಲ್ ಎಂಜಿನಿಯರಿಂಗ್ ಕಾಲೇಜು ಸೇರಿದ. ಅಲ್ಲಿ ನಕ್ಷೆ ತೆಗೆಯುವುದು, ಅಳತೆ, ಅಂದಾಜು ಲೆಕ್ಕ ಕಲಿತು 1866ರಲ್ಲಿ ಇಂದೋರಿನ ಲೋಕೋಪಯೋಗಿ ಕಚೇರಿಯಲ್ಲಿ ನೌಕರಿಗೆ ಸೇರಿದರು. ಕ್ಯಾಮೆರಾ ಹಿಡಿದದ್ದು 1874ರಲ್ಲಿ, ಮೂವತ್ತರ ವಯಸ್ಸಿನಲ್ಲಿ. ಹವ್ಯಾಸಕ್ಕೆ ವಯಸ್ಸು ಮೀರಿತು ಎನ್ನುವ ನನ್ನ ಕೆಲವು ಗೆಳೆಯರಿಗೆ ಇದನ್ನು ಆಗಾಗ ನೆನಪಿಸುತ್ತಿರುತ್ತೇನೆ. ಇಂದೋರಿನ ಮಹಾರಾಜ ಎರಡನೇ ತುಕೋಜಿರಾವ್ ಹೋಳ್ಕರ್ ಬೆನ್ನು ತಟ್ಟಿದರು, ಬ್ರಿಟಿಷ್ ಅಧಿಕಾರಿ ಹೆನ್ರಿ ಡೇಲಿ ಅವರ ಪರಿಚಯ ಮಾಡಿಸಿದರು. ಮರುವರ್ಷ ಇಂಗ್ಲೆಂಡಿನ ಯುವರಾಜ ಭಾರತಕ್ಕೆ ಬಂದಾಗ ಆ ಪ್ರವಾಸದ ಚಿತ್ರ ತೆಗೆಯುವ ಅವಕಾಶವೂ ಸಿಕ್ಕಿತು.

ಆಗಿನ ಫೋಟೊಗ್ರಫಿ ಈಗಿನ ಹಾಗೆ ಬೆರಳು ಒತ್ತುವ ಕೆಲಸವಲ್ಲ. ಗಾಜಿನ ತಟ್ಟೆಗೆ ಕತ್ತಲೆಯಲ್ಲಿ ರಾಸಾಯನಿಕ ಸವರಬೇಕು, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆಯಬೇಕು, ಒಣಗುವ ಮೊದಲೇ ತೊಳೆಯಬೇಕು. ಕತ್ತಲೆ ಡೇರೆ, ಬಾಟಲಿಗಳು, ಗಾಜಿನ ಪೆಟ್ಟಿಗೆಗಳು ಎಲ್ಲವನ್ನೂ ಹೊತ್ತುಕೊಂಡೇ ಊರೂರು ತಿರುಗಬೇಕು. ಮುಂದೆ ತಯಾರಾಗಿಯೇ ಬರುವ ಒಣ ತಟ್ಟೆಗಳು ಬಂದ ಮೇಲೆ ಸ್ವಲ್ಪ ಹಗುರವಾಯಿತು. 1882ರ ಹೊತ್ತಿಗೆ ಲೆಪಲ್ ಗ್ರಿಫಿನ್ ಎಂಬ ಅಧಿಕಾರಿಯ ಜೊತೆ ಮಧ್ಯ ಭಾರತದ ಕೋಟೆ, ಗುಡಿಗಳನ್ನು ಸುತ್ತಿ ತೆಗೆದ 86 ಚಿತ್ರಗಳು 1886ರಲ್ಲಿ ಪುಸ್ತಕವಾದವು. ಅಷ್ಟರಲ್ಲಿ ಸರ್ಕಾರಿ ನೌಕರಿ ಬಿಟ್ಟಾಗಿತ್ತು. ಹೈದರಾಬಾದಿನ ಆರನೇ ನಿಜಾಮ ಮೀರ್ ಮೆಹಬೂಬ್ ಅಲಿ ಖಾನ್ ಅವರ ಆಸ್ಥಾನದ ಫೋಟೊಗ್ರಾಫರ್ ಆದರು. ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು.

ಇಲ್ಲಿಂದ ಈ ಕಥೆ ನಮ್ಮ ಕಥೆಯೂ ಆಗುತ್ತದೆ. ಆಗ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್, ವಾಡಿ ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದ ಊರುಗಳು. ದೀನ್ ದಯಾಳ್ ಕ್ಯಾಮೆರಾ ಹಿಡಿದ ಅದೇ 1874ರಲ್ಲೇ ವಾಡಿಯಿಂದ ಸಿಕಂದರಾಬಾದಿಗೆ ರೈಲು ಶುರುವಾಯಿತು. ಮುಂಬೈ ಕಡೆ ಹೋಗುವವರು ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. 1896ರಲ್ಲಿ ಮುಂಬೈಯಲ್ಲೂ ಸ್ಟುಡಿಯೊ ತೆರೆದ ಮನುಷ್ಯ ಎಷ್ಟು ಸಲ ನಮ್ಮ ಸೇಡಂ, ಚಿತ್ತಾಪುರ ದಾಟಿ ವಾಡಿಯ ಪ್ಲಾಟ್‌ಫಾರ್ಮ್ ಮೇಲೆ ಪೆಟ್ಟಿಗೆಗಳ ಪಕ್ಕ ನಿಂತಿರಬಹುದು! ಇದು ನನ್ನ ಊಹೆ. ಆದರೂ ವಾಡಿ ಜಂಕ್ಷನ್‌ನಲ್ಲಿ ರೈಲು ಕಾಯುವಾಗ ಒಮ್ಮೊಮ್ಮೆ ಸುತ್ತ ನೋಡುತ್ತೇನೆ.

ಅವರಿಂದ ನಾನು ಕಲಿತ ಮೊದಲ ಪಾಠ, ಬೆಳಕನ್ನು ಹುಡುಕಿಕೊಂಡು ಹೋಗುವುದಲ್ಲ, ಬರುವ ಬೆಳಕಿಗೆ ಮುಖವನ್ನು ಒಪ್ಪಿಸುವುದು. ಆ ಕಾಲದ ಸ್ಟುಡಿಯೊಗಳಿಗೆ ಸೂರ್ಯನೇ ದೀಪ. ಗಾಜಿನ ಛಾವಣಿ ಅಥವಾ ದೊಡ್ಡ ಗಾಜಿನ ಕಿಟಕಿ, ಅದಕ್ಕೆ ಎಳೆಯಲು ಬರುವ ಪರದೆಗಳು. ಯಾವ ಪರದೆ ಎಷ್ಟು ಸರಿಸಬೇಕು ಎನ್ನುವುದರಲ್ಲೇ ಕುಶಲತೆ. ನಮ್ಮ ಮನೆಯ ಒಳಮನೆಯೂ ಒಂದು ಸಣ್ಣ ಸ್ಟುಡಿಯೊ ಎಂದು ಹೊಳೆದದ್ದೇ ಆಗ.

ಮೊದಲು ಎಲ್ಲ ದೀಪ ಆರಿಸಿದೆ. ಎರಡು ಬಣ್ಣದ ಬೆಳಕು ಕೂಡಿದರೆ ಮುಖ ಕೆಡುತ್ತದೆ. ತಂಗಿಯನ್ನು ಕಿಟಕಿಯಿಂದ ಎರಡು ಮೊಳ ದೂರ ಕೂರಿಸಿ ನೋಡಿದೆ, ನಾಲ್ಕು ಮೊಳ ದೂರ ಕೂರಿಸಿ ನೋಡಿದೆ. ಸಣ್ಣ ಕಿಟಕಿಯ ಬೆಳಕು ದೂರ ಇಮ್ಮಡಿಯಾದರೆ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಕಿಟಕಿಗೆ ಹತ್ತಿರ ಕೂತರೆ ಮುಖ ಬೆಳಗುತ್ತದೆ, ಹಿಂದಿನ ಗೋಡೆ ತಾನಾಗಿಯೇ ಕತ್ತಲಾಗುತ್ತದೆ. ಎಡಿಟಿಂಗ್‌ನಲ್ಲಿ ಕಪ್ಪು ಬಳಿಯುವ ಅಗತ್ಯವೇ ಇಲ್ಲ. ಮುಖವನ್ನು ನೇರ ಕಿಟಕಿಗೆ ಕೊಟ್ಟರೆ ಚಪ್ಪಟೆ ರೊಟ್ಟಿಯ ಹಾಗೆ ಕಾಣುತ್ತದೆ. ಸ್ವಲ್ಪ ಓರೆಯಾಗಿ ತಿರುಗಿಸಿದರೆ ಮೂಗಿನ ನೆರಳು ಬಿದ್ದು, ಕತ್ತಲ ಕಡೆಯ ಕೆನ್ನೆಯ ಮೇಲೆ ಬೆಳಕಿನ ಒಂದು ತ್ರಿಕೋನ ಉಳಿಯುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್ ಮುಖಗಳನ್ನು ಹೀಗೆ ಬರೆಯುತ್ತಿದ್ದುದರಿಂದ ಇದಕ್ಕೆ ಅವನದೇ ಹೆಸರು. ಕತ್ತಲ ಕಡೆ ತೀರಾ ಕಪ್ಪಾದರೆ ಅತ್ತ ಒಂದು ಬಿಳಿ ಧೋತರ ಹಿಡಿದರೆ ಸಾಕು. ನಮ್ಮ ನೆಲದ ಪರ್ಸಿ ಕಲ್ಲೂ ಸವೆದು ನುಣುಪಾಗಿರುವುದರಿಂದ ಕೆಳಗಿನಿಂದ ಸ್ವಲ್ಪ ಬೆಳಕನ್ನು ಮೇಲೆ ಕಳಿಸುತ್ತದೆ. ಮುತ್ಯಾ ಗಣಿಯಿಂದ ತಂದು ಹಾಸಿದ ಕಲ್ಲು ಅದು.

ಇನ್ನೊಂದು ಮಾತು. ಕಣ್ಣಿನಲ್ಲಿ ಕಿಟಕಿಯ ಸಣ್ಣ ಚುಕ್ಕೆ ಹೊಳೆಯಬೇಕು. ಆ ಚುಕ್ಕೆ ಇಲ್ಲದಿದ್ದರೆ ಎಷ್ಟೇ ಚಂದದ ಮಬ್ಬು ಇದ್ದರೂ ಮುಖಕ್ಕೆ ಜೀವ ಇರುವುದಿಲ್ಲ. ಕ್ಯಾಮೆರಾದಲ್ಲಿ ಬೆಳಕಿನ ಅಳತೆಯನ್ನು ಇಡೀ ಕೋಣೆಗೆ ಹಾಕದೆ ಮುಖಕ್ಕೆ ಹಾಕಬೇಕು. ಕತ್ತಲನ್ನು ನಂಬಿ ಕಡಿಮೆ ಬೆಳಕಿನಲ್ಲಿ ತೆಗೆದು ಆಮೇಲೆ ಎತ್ತಿದರೆ ನೆರಳೆಲ್ಲ ಮರಳು ಚೆಲ್ಲಿದ ಹಾಗಾಗುತ್ತದೆ. ನಾನು ಮೊದಮೊದಲು ಮಾಡುತ್ತಿದ್ದ ತಪ್ಪು ಅದೇ.

ಎರಡನೇ ಪಾಠ ಚೌಕಟ್ಟಿನದು. ಆಗ ಸಾಮಾನ್ಯವಾಗಿ ಗಾಜಿನ ತಟ್ಟೆಯನ್ನೇ ಕಾಗದದ ಮೇಲೆ ಒತ್ತಿಟ್ಟು ಬಿಸಿಲಿಗೆ ಹಿಡಿದು ಚಿತ್ರ ಮೂಡಿಸುತ್ತಿದ್ದರು. ತಟ್ಟೆ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಈಗಿನ ಹಾಗೆ ಆಮೇಲೆ ಕ್ರಾಪ್ ಮಾಡಿ ಹಿಗ್ಗಿಸಿಕೊಳ್ಳೋಣ ಎನ್ನುವಂತಿರಲಿಲ್ಲ. ಕರಿಬಟ್ಟೆಯೊಳಗೆ ತಲೆ ಹಾಕಿ, ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಚಿತ್ರದಲ್ಲೇ ಏನು ಒಳಗೆ ಇರಬೇಕು, ಏನು ಹೊರಗೆ ಹೋಗಬೇಕು ಎಂದು ತೀರ್ಮಾನಿಸಬೇಕಿತ್ತು. ನಕ್ಷೆಗಾರನಾಗಿದ್ದ ದೀನ್ ದಯಾಳರಿಗೆ ಆ ಅಳತೆಯ ಕಣ್ಣು ಮೊದಲೇ ಪಳಗಿತ್ತು ಎನಿಸುತ್ತದೆ. ನಾನೂ ಒಂದು ತಿಂಗಳು ಕ್ರಾಪ್ ಮಾಡುವುದಿಲ್ಲ ಎಂದು ಪಣ ತೊಟ್ಟೆ. ಆಗ ಗೊತ್ತಾಯಿತು, ನಾನು ಮಣಿಕಟ್ಟಿನಲ್ಲಿ ಕೈ ಕತ್ತರಿಸುತ್ತಿದ್ದೆ, ಮೊಣಕಾಲಿನಲ್ಲಿ ಕಾಲು ಕತ್ತರಿಸುತ್ತಿದ್ದೆ. ಕೀಲು ಇರುವಲ್ಲಿ ಚೌಕಟ್ಟು ಬಂದರೆ ಅಂಗವೇ ತುಂಡಾದ ಹಾಗೆ ಕಾಣುತ್ತದೆ. ಮುಖ ತಿರುಗಿದ ಕಡೆಗೆ ಸ್ವಲ್ಪ ಜಾಗ ಬಿಡಬೇಕು, ಇಲ್ಲವಾದರೆ ಆ ವ್ಯಕ್ತಿ ಗೋಡೆಗೆ ಹಣೆ ಹಚ್ಚಿ ಕೂತಂತಿರುತ್ತದೆ. ಕತ್ತಲೆ ಎಷ್ಟು ಇಟ್ಟುಕೊಳ್ಳಬೇಕು ಎಂಬುದಕ್ಕೆ ನಾನು ಮಾಡಿಕೊಂಡ ಲೆಕ್ಕ ಇಷ್ಟೇ: ಬೆರಳಿನಿಂದ ಆ ಭಾಗ ಮುಚ್ಚಿ ನೋಡುವುದು. ಮುಖ ಒಂಟಿಯಾದಂತೆ ಅನಿಸಿದರೆ ಕತ್ತಲೆ ಬೇಕು, ಏನೂ ಬದಲಾಗದಿದ್ದರೆ ಬೇಡ.

ಆ ಕಾಲದ ಹೆಚ್ಚಿನ ತಟ್ಟೆಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕುಂಕುಮ ಕಪ್ಪಾಗಿಯೇ ಮೂಡುತ್ತಿತ್ತು. ಈಗ ನಾವು ಬಣ್ಣದ ಚಿತ್ರವನ್ನು ಕಪ್ಪು ಬಿಳುಪು ಮಾಡುವಾಗ ಕೆಂಪನ್ನು ಎತ್ತಿದರೆ ಚರ್ಮ ನುಣ್ಣಗಾಗುತ್ತದೆ, ಕುಂಕುಮ ಮಾಯವಾಗುತ್ತದೆ. ಆಯಿಯ ಮುಖದ ಗೆರೆಗಳನ್ನು ಅಳಿಸಲು ನಾನು ಯಾರು? ನಾನು ಕೆಂಪನ್ನು ತಗ್ಗಿಸಿಯೇ ಇಡುತ್ತೇನೆ.

ಹೀಗೆ ಕೈ ಪಳಗುತ್ತ ಬಂತು. ಹುಡುಗಿ ಫೋಟೊ ತೆಗೆಯುತ್ತಾಳೆ ಎಂಬ ಸುದ್ದಿ ಹರಡಿ ಹೆಂಗಸರು ಮನೆಗೆ ಕರೆಯತೊಡಗಿದರು. ಚಿತ್ತಾಪುರದಲ್ಲಿ ಕುಬಸ, ವಾಡಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ತೊಟ್ಟಿಲು, ಶಹಾಬಾದಿನಲ್ಲಿ ಒಂದು ನಿಶ್ಚಿತಾರ್ಥ. ಚಿಂಚೋಳಿ ಕಡೆಯ ತಾಂಡಾದಲ್ಲಿ ಕನ್ನಡಿ ಹೊಲಿದ ಹಳೆಯ ಉಡುಪು ಉಟ್ಟ ಅಜ್ಜಿಯೊಬ್ಬಳು ಗುಡಿಸಲ ಬಾಗಿಲಲ್ಲಿ ಕುಳಿತಾಗ, ಕನ್ನಡಿಗಳೇ ಅವಳ ಗದ್ದಕ್ಕೆ ಬೆಳಕು ಚೆಲ್ಲಿದವು. ನನಗೆ ತುಸು ಸೊಕ್ಕೂ ಬಂದಿತ್ತು.

ಆಗಲೇ ತಪ್ಪು ಮಾಡಿದೆ. ಒಂದೂರಿನಲ್ಲಿ ಹೊಸ ಸೊಸೆಯೊಬ್ಬಳು ಕಿಟಕಿ ಹತ್ತಿರ ತಲೆಗೂದಲು ಬಿಚ್ಚಿಕೊಂಡು ಕೂತಿದ್ದ ಚಿತ್ರ ತೆಗೆದಿದ್ದೆ. ನಾನು ತೆಗೆದದ್ದರಲ್ಲೇ ಚಂದದ್ದು ಅದು. ಅವಳನ್ನು ಕೇಳದೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆ. ಸಂಜೆಯೊಳಗೆ ಅದು ಯಾರ ಯಾರದೋ ಮೊಬೈಲ್ ಹತ್ತಿ ಅವಳ ಅತ್ತೆ ಮನೆಯ ಗಂಡಸರನ್ನು ಮುಟ್ಟಿತು. ಅವಳು ಫೋನ್ ಮಾಡಿ ಬೈಯಲಿಲ್ಲ. ತೆಗೆದುಬಿಡಕ್ಕಾ ಎಂದಷ್ಟೇ ಹೇಳಿದಳು. ದನಿ ನಡುಗುತ್ತಿತ್ತು. ಆಮೇಲೆ ಅವಳು ನನ್ನ ಫೋನ್ ಎತ್ತಲಿಲ್ಲ. ಎರಡು ತಿಂಗಳು ನಾನು ಕ್ಯಾಮೆರಾ ಮುಟ್ಟಲಿಲ್ಲ.

ದೀನ್ ದಯಾಳರ ಬದುಕಿನ ಒಂದು ಭಾಗವನ್ನು ನಾನು ಸರಿಯಾಗಿ ಓದಿಕೊಂಡದ್ದು ಆ ಎರಡು ತಿಂಗಳಲ್ಲಿ. 1892ರಲ್ಲಿ ಅವರು ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಒಂದು ಜನಾನಾ ಸ್ಟುಡಿಯೊ ತೆರೆದರು. ಒಳಗೆ ಗಂಡಸರಿಗೆ ಪ್ರವೇಶ ಇಲ್ಲ. ಸುತ್ತ ಎತ್ತರದ ಗೋಡೆ. ಫೋಟೊ ತೆಗೆಯುವ ಹೊಣೆ ಒಬ್ಬ ಇಂಗ್ಲಿಷ್ ಮಹಿಳೆಯದು. ಪರದೆಯಿಂದ ಹೊರಗೆ ಬಾರದ ಮನೆತನಗಳ ಹೆಂಗಸರು ಅಲ್ಲಿ ನಿಶ್ಚಿಂತೆಯಿಂದ ಕುಳಿತು ತಮ್ಮ ಮುಖದ ಚಿತ್ರ ತೆಗೆಸಿಕೊಳ್ಳಬಹುದಿತ್ತು. ಇದರಲ್ಲಿ ವ್ಯಾಪಾರದ ಜಾಣತನವೂ ಇತ್ತು, ಇಲ್ಲ ಎನ್ನಲಾರೆ. ಆದರೆ ಅಷ್ಟು ಹೆಸರು ಮಾಡಿದ ಫೋಟೊಗ್ರಾಫರ್ ತನ್ನದೇ ಸ್ಟುಡಿಯೊದೊಳಗೆ ತಾನು ಕಾಲಿಡಬಾರದ ಒಂದು ಕೋಣೆ ಕಟ್ಟಿಕೊಂಡರು. ಎದುರು ಕುಳಿತವರ ಭಯ ಹೋಗದೆ ಬೆಳಕು ಎಷ್ಟು ಚಂದ ಬಿದ್ದರೂ ಉಪಯೋಗವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹೆಣ್ಣಾದ ನನಗೆ ಅದು ತಡವಾಗಿ ಗೊತ್ತಾಯಿತು. ಗಂಡಸರು ಬಾರದ ಕೋಣೆಯಲ್ಲಿ ಚಿತ್ರ ತೆಗೆದು, ಅದನ್ನು ನಾನೇ ಊರ ಬಾಗಿಲಿಗೆ ಕಟ್ಟಿದ್ದೆ.

ಅಂದಿನಿಂದ ನನ್ನದೊಂದು ನಿಯಮ. ತೆಗೆದ ಚಿತ್ರಗಳನ್ನು ಮೊದಲು ಅವರೇ ನೋಡಬೇಕು. ಬೇಡವೆಂದದ್ದನ್ನು ಅವರ ಎದುರೇ ಅಳಿಸಬೇಕು. ಉಳಿದದ್ದು ಯಾರಿಗೆ ತೋರಿಸಬಹುದು ಎಂದು ಕೇಳಬೇಕು.

ದೀನ್ ದಯಾಳರ ಕೊನೆಯ ವರ್ಷಗಳು ಮಾನ ಸನ್ಮಾನದವು. 1893ರ ಷಿಕಾಗೋ ವಸ್ತುಪ್ರದರ್ಶನದಲ್ಲಿ ಅವರ ಚಿತ್ರಗಳಿದ್ದವು. 1894ರಲ್ಲಿ ನಿಜಾಮರು ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರಕಾರ. 1897ರಲ್ಲಿ ವಿಕ್ಟೋರಿಯಾ ರಾಣಿಯ ಫೋಟೊಗ್ರಾಫರ್ ಎಂಬ ಅಧಿಕೃತ ಮನ್ನಣೆಯೂ ಬಂತು. ಇಬ್ಬರು ಮಕ್ಕಳು ಸ್ಟುಡಿಯೊದ ಕೆಲಸದಲ್ಲಿ ಜೊತೆಯಾಗಿದ್ದರು. ಅವರಲ್ಲಿ ಧರಮ್ ಚಂದ್ 1904ರಲ್ಲಿ ತೀರಿಕೊಂಡರು. ಮರುವರ್ಷ, 1905ರ ಜುಲೈನಲ್ಲಿ ತಂದೆಯೂ ಹೋದರು. ಅವರ 2,857 ಗಾಜಿನ ನೆಗೆಟಿವ್‌ಗಳು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ ಸೇರಿದವು. 2006ರಲ್ಲಿ ಅಂಚೆ ಇಲಾಖೆ ಅವರ ಅಂಚೆಚೀಟಿ ತಂದಿತು. ಅವರು ತೆಗೆದ ರಾಜರು, ಅಧಿಕಾರಿಗಳು ಬಹಳ ಮಂದಿ ಯಾರೆಂದು ನನ್ನ ವಯಸ್ಸಿನವರಿಗೆ ಗೊತ್ತಿಲ್ಲ. ಮುಖಗಳು ಮಾತ್ರ ಇನ್ನೂ ನಮ್ಮನ್ನು ನೋಡುತ್ತಿವೆ.

ಕಳೆದ ಮಾಗಿಯಲ್ಲಿ ಆಯಿ ತಾನಾಗಿಯೇ ಕರೆದಳು. ಅಲ್ಲಿಯವರೆಗೆ, ಮುದುಕರು ಫೋಟೊ ತೆಗೆಸುವುದು ಹಾರ ಹಾಕಿಸಿಕೊಳ್ಳಲಿಕ್ಕೆ ಎಂದು ತಪ್ಪಿಸಿಕೊಳ್ಳುತ್ತಲೇ ಇದ್ದವಳು. ಬೆಳಗಿನ ಹತ್ತು ಗಂಟೆ. ಅಪ್ಪನನ್ನೂ ಅಣ್ಣನನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಆಯಿ ಕಿಟಕಿ ಪಕ್ಕ ಇಳಕಲ್ ಸೀರೆ ಉಟ್ಟು ಕೂತಳು. ನಾನು ಏನೂ ಹೇಳಲಿಲ್ಲ. ಅವಳು ತೊಗರಿ ಆರಿಸಲು ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ನನ್ನನ್ನೂ ಕ್ಯಾಮೆರಾವನ್ನೂ ಮರೆತಳು. ಮರದ ಮೊರದ ಮೇಲೆ ಕೈ, ಓರೆ ಮುಖ, ಕಣ್ಣಲ್ಲಿ ಕಿಟಕಿಯ ಚುಕ್ಕೆ. ನಾಲ್ಕೇ ಚಿತ್ರ ತೆಗೆದೆ. ಬರೀ ಮುಖಕ್ಕೆ ಕ್ರಾಪ್ ಮಾಡಿ ನೋಡಿದೆ, ಯಾವ ಆಯಿಯಾದರೂ ಆಗಬಹುದಿತ್ತು. ಕೈ ಇಟ್ಟರೆ ನಮ್ಮ ಆಯಿಯೇ. ಕೈ ಇಟ್ಟೆ.

ಪ್ರಿಂಟ್ ತಂದು ಕೊಟ್ಟಾಗ ಬಹಳ ಹೊತ್ತು ನೋಡಿದಳು. ಬಾವಿಯಿಂದ ಮೇಲೆ ತಂದೆ ಎಂದು ನಕ್ಕಳು. ಆ ಖುಷಿಯಲ್ಲೇ ನಾನು ಮುತ್ಯಾನ ಫೋಟೊ ತೋರಿಸಿ, ಈಗ ಆ ಕೈಯನ್ನೂ ಅಳಿಸಿಬಿಡುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ ಮಾಡಬಹುದು ಎಂದೆ.

ಆಯಿಯ ನಗು ನಿಂತಿತು. ಅದು ಅವಳ ಅಣ್ಣನ ಕೈ. ಮುತ್ಯಾನನ್ನು ನೋಡಿ ಸಂಬಂಧ ಕೂಡಿಸಿದವನು ಅವನೇ. ಎಪ್ಪತ್ತೆರಡರ ಬರದಲ್ಲಿ ದುಡಿಯಲು ಮುಂಬೈಗೆ ಹೋದವನು ಅಲ್ಲೇ ತೀರಿಕೊಂಡ. ಆ ಗುಂಪು ಫೋಟೊದಲ್ಲಿ ಬಿಟ್ಟರೆ ಅವನ ಚಿತ್ರ ಎಲ್ಲಿಯೂ ಇರಲಿಲ್ಲ. ಕತ್ತರಿಸಿದ ದಿನ ಯಾರೂ ಅವಳನ್ನು ಕೇಳಲಿಲ್ಲ, ದುಃಖದಲ್ಲಿ ಅವಳೂ ಹೇಳಲಿಲ್ಲ. ಆಮೇಲೆ ದಿನಾ ದೀಪ ಹಚ್ಚುವಾಗ ಇಬ್ಬರಿಗೂ ಸೇರಿಸಿಯೇ ಕೈ ಮುಗಿಯುತ್ತಿದ್ದಳು.

ನಾನು ಆ ಫೋಟೊವನ್ನು ಮುಟ್ಟಲಿಲ್ಲ. ಗಾಜು ಒರೆಸಿ ಮತ್ತೆ ಅದೇ ಮೊಳೆಗೆ ತೂಗುಹಾಕಿದೆ. ನಿಮ್ಮ ಮನೆಯಲ್ಲೂ ಹಳೆಯ ಗುಂಪು ಫೋಟೊ ಇದ್ದೀತು. ಗೆದ್ದಲು ಹತ್ತುವ ಮೊದಲು ಹೊರಗೆ ತೆಗೆಯಿರಿ, ಹಿರಿಯರನ್ನು ಕಿಟಕಿ ಪಕ್ಕ ಕೂರಿಸಿಕೊಂಡು ಒಂದೊಂದೇ ಮುಖ ತೋರಿಸಿ ಹೆಸರು ಕೇಳಿ ಬರೆದಿಡಿ. ಅವರು ಹೇಳುತ್ತಿರುವಾಗ ಮುಖದ ಮೇಲೆ ಬೆಳಕು ಚಂದ ಬಿದ್ದರೆ, ಕೇಳಿ ಒಂದು ಫೋಟೊ ತೆಗೆದುಕೊಳ್ಳಿ.